ಸಿಡ್ನಿ ಕಾಯ್ದೆ ಬೇರೆ, ಅಕ್ಕಾ

ಗಿರಾವೀನ್, ಸಿಡ್ನಿ
೧೨ ಮೇ ೨೦೨೫

ಅಕ್ಕಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದು ಶುರು ಮಾಡಲು ಕೈ ಬರುತ್ತಿಲ್ಲ. ಫೋನ್ ಮಾಡದೆ ಕಾಗದ ಯಾಕೆ ಎಂದು ಕೇಳಬೇಡ. ಫೋನಿನಲ್ಲಿ ನೀನು ಮಾತಾಡುತ್ತೀ, ನಾನು ಹೂಂ ಅನ್ನುತ್ತೇನೆ. ಇಟ್ಟ ಮೇಲೆ ನಾನು ಹೇಳಬೇಕಾಗಿದ್ದದ್ದೆಲ್ಲ ನೆನಪಾಗುತ್ತದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ.

ಶುಕ್ರವಾರ ಇವರ ಹೆಸರಿಗೆ ಸರ್ಕಾರದ ಲಕೋಟೆ ಬಂತು. ಇವರು ಅದನ್ನು ಓದಿ ಟೇಬಲ್ಲಿನ ಮೇಲೆ ಬೋರಲು ಹಾಕಿದರು. ಊಟವಾದ ಮೇಲೆ ಹೇಳಿದರು. ಕಳೆದ ತಿಂಗಳು ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಪೊಲೀಸರು ವ್ಯಾನ್ ನಿಲ್ಲಿಸಿ, ನಾಲಿಗೆಗೆ ಕಡ್ಡಿ ಸವರಿಸಿ ಪರೀಕ್ಷೆ ಮಾಡಿದ್ದರಂತೆ. ಗಾಂಜಾ ಇದೆ ಎಂದು ತೋರಿಸಿತಂತೆ. ಇಪ್ಪತ್ತನಾಲ್ಕು ತಾಸು ಗಾಡಿ ಓಡಿಸುವ ಹಾಗಿಲ್ಲ ಎಂದರಂತೆ. ಆ ದಿನ ಇವರು ಟ್ರೇನಿನಲ್ಲಿ ಮನೆಗೆ ಬಂದು "ವ್ಯಾನ್ ಕೆಟ್ಟೈತಿ" ಅಂದಿದ್ದರು. ನಾನು ನಂಬಿ ಚಾ ಮಾಡಿಕೊಟ್ಟೆ. ಈಗ ಲ್ಯಾಬಿನಲ್ಲಿಯೂ ಅದೇ ಬಂದಿದೆ. ಮೂರು ತಿಂಗಳು ಲೈಸೆನ್ಸ್ ಬಿಡಬೇಕು, ಒಪ್ಪದಿದ್ದರೆ ಕೋರ್ಟಿಗೆ ಹೋಗಿ ಹೇಳಿಕೊಳ್ಳಬೇಕು.

ಇವರ ಕೆಲಸ ನಿನಗೆ ಗೊತ್ತು. ಲಿಫ್ಟ್ ರಿಪೇರಿಗೆ ದಿನಕ್ಕೆ ಆರು ಕಟ್ಟಡ ಸುತ್ತಬೇಕು. ಲೈಸೆನ್ಸ್ ಇಲ್ಲದವನನ್ನು ಕಂಪನಿ ಇಟ್ಟುಕೊಳ್ಳುವುದಿಲ್ಲ. ಕಂಪನಿ ಬಿಟ್ಟರೆ ವೀಸಾ ಇಲ್ಲ, ವೀಸಾ ಇಲ್ಲದಿದ್ದರೆ ಈ ಮನೆ, ಮಗಳು ಆದ್ಯಾಳ ಶಾಲೆ ಯಾವುದೂ ಇಲ್ಲ.

ಗಾಂಜಾ ಎಲ್ಲಿಂದ ಬಂತು ಗೊತ್ತೇ? ಬೆನ್ನುನೋವಿಗೆ ಎಂದು ಡಾಕ್ಟರ್ ಕೊಟ್ಟ ಸಣ್ಣ ಬಾಟಲಿಯಿಂದ. "ಗಿಡದ ಎಣ್ಣಿ" ಎಂದಷ್ಟೇ ನನಗೆ ಹೇಳಿದ್ದರು. ಫೆಬ್ರವರಿಯಿಂದ ದಿನವೂ ಮಲಗುವ ಮುಂಚೆ ಇವರ ನಾಲಿಗೆಯ ಕೆಳಗೆ ಹನಿ ಎಣಿಸಿ ಬಿಟ್ಟವಳು ನಾನೇ. ನನ್ನ ಕೈಗುಣದಿಂದ ನೋವು ಇಳಿಯಿತು ಎಂದು ಒಳಗೊಳಗೇ ಹಿಗ್ಗಿದ್ದೆ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ಗಾಂಜಾ ಅಂದಿದ್ರ ನೀ ಬಾಟ್ಲಿ ತಿಪ್ಪಿಗೆ ಒಗೀತಿದ್ದಿ" ಅಂದರು. ಇರಬಹುದು. ಚಿಲುಮೆ ಹಿಡಿದು ಭಾಸ್ಕರ ಕಾಕಾ ಏನಾದ ಎಂಬುದನ್ನು ನಾವಿಬ್ಬರೂ ಕಣ್ಣಾರೆ ನೋಡಿದವರು.

ಆದರೆ ನಾನು ಬರೆಯಲು ಕುಳಿತದ್ದು ಇದಕ್ಕಲ್ಲ. "ಪೊಲೀಸ್ರು ಹಿಡಿದಾಗ ಯಾರಿಗೂ ಹೇಳಲಿಲ್ಲೇನು?" ಎಂದು ಕೇಳಿದೆ. "ಮಹಾಶ್ವೇತಾಗ ಹೇಳಿದ್ದೆ" ಅಂದರು. ಅವತ್ತೇ. ರೋಡಿನ ಬದಿಗೆ ನಿಂತುಕೊಂಡೇ.

ಒಂದು ತಿಂಗಳು ನಿನಗೆ ಗೊತ್ತಿತ್ತು. ಆ ತಿಂಗಳಲ್ಲಿ ನಾಲ್ಕು ಭಾನುವಾರ ಬಂದವು. ನಾಲ್ಕೂ ಭಾನುವಾರ ನೀನು ನನಗೆ ಫೋನ್ ಮಾಡಿ ಆದ್ಯಾಳ ಹಲ್ಲು ಬಿತ್ತಾ ಎಂದು ಕೇಳಿದೆ.

ಯಾಕೆ ಅಕ್ಕಾ?

ಮಲ್ಲವ್ವ


ಡಾಕ್‌ಲ್ಯಾಂಡ್ಸ್, ಮೆಲ್ಬರ್ನ್
೧೯ ಮೇ ೨೦೨೫

ಮಲ್ಲಿ,

ಈ ಫ್ಲ್ಯಾಟಿಗೆ ಬಂದು ಆರು ವರ್ಷವಾಯಿತು. ನನ್ನ ಅಂಚೆ ಪೆಟ್ಟಿಗೆಗೆ ಕೈಬರಹದ ಕಾಗದ ಬಂದದ್ದು ಇದೇ ಮೊದಲು. ಲಿಫ್ಟ್ ಬರುವವರೆಗೂ ಕಾಯದೆ ಅಲ್ಲೇ ಒಡೆದೆ. ಒಡೆಯದಿದ್ದರೆ ಚೆನ್ನಾಗಿತ್ತು.

ಶಶಿ ನನಗೆ ಫೋನ್ ಮಾಡಿದ್ದು ನನಗೆ ಇಲ್ಲಿನ ಫಾರಮ್ಮುಗಳು ಓದಲು ಬರುತ್ತವೆ ಎಂದು, ಅಷ್ಟೇ. ನೀನು ಹೆದರುತ್ತೀ, ಹೇಳಬೇಡ ಎಂದು ಶಶಿಯೇ ಅಂದ. ಇದರಲ್ಲಿ ಬೇರೆ ಏನೂ ಹುಡುಕಬೇಡ.

ಈಗ ಕೆಲಸದ ಮಾತು ಕೇಳು. ನನ್ನ ಬ್ಯಾಂಕಿನ ಗೆಳತಿಯ ಪರಿಚಯದ ವಕೀಲರೊಬ್ಬರು ಇದ್ದಾರೆ. ಇಂಥ ಕೇಸುಗಳನ್ನೇ ನೋಡುವವರು. ಅರ್ಧ ಗಂಟೆ ಕುಳಿತು ಮಾತಾಡಿದೆ. ಡಾಕ್ಟರ ಚೀಟಿ ಇದ್ದು, ಗಾಡಿಯನ್ನು ಸರಿಯಾಗಿಯೇ ಓಡಿಸುತ್ತಿದ್ದರೆ ಮ್ಯಾಜಿಸ್ಟ್ರೇಟರು ಲೈಸೆನ್ಸ್ ಉಳಿಸಬಹುದಂತೆ. ಈ ಮಾರ್ಚಿನಿಂದ ಕಾಯ್ದೆ ಹಾಗೆ ಬದಲಾಗಿದೆ. ಆದ್ದರಿಂದ ಆ ಮೂರು ತಿಂಗಳನ್ನು ಒಪ್ಪಿಕೊಳ್ಳುವುದು ಬೇಡ, ಕೋರ್ಟಿಗೇ ಹೋಗುತ್ತೇನೆ ಎಂದು ಬರೆಯಲು ಶಶಿಗೆ ಹೇಳಿದ್ದೇನೆ. ಶಶಿ ಬರೆದು ಕಳಿಸಿಯೂ ಆಗಿದೆ. ಸಿಡ್ನಿಯಲ್ಲಿ ಕೋರ್ಟಿಗೆ ಬರಲು ಒಬ್ಬ ವಕೀಲರನ್ನು ನಾನೇ ಹುಡುಕುತ್ತೇನೆ.

ಒಂದು ಮಾತು. ನಮ್ಮ ಕಡೆಯ ವಕೀಲರು ಬೇಡವೇ ಬೇಡ. ಗಿರಾವೀನಿನಲ್ಲಿ ಬೆಳಿಗ್ಗೆ ಕೆಮ್ಮಿದರೆ ಸಂಜೆಗೆ ದಿ ಪಾಂಡ್ಸ್‌ನಲ್ಲಿ ಕಷಾಯ ಕುದಿಸುವ ಜನ ಅವರು. ಗಾಂಜಾ ಎಂಬ ಒಂದು ಪದ ಹೊರಗೆ ಬಿದ್ದರೆ ಮುಂದಿನ ಯುಗಾದಿ ಊಟಕ್ಕೆ ನೀವು ಹೋಗುವ ಹಾಗಿಲ್ಲ.

ನೀನು ಶಶಿಯ ಊಟ ತಿಂಡಿ ನೋಡಿಕೋ. ಕಾಗದಪತ್ರದ ಚಿಂತೆ ನನಗೆ ಬಿಡು.

ಮಹಾಶ್ವೇತಾ


ಗಿರಾವೀನ್
೨ ಜೂನ್ ೨೦೨೫

ಅಕ್ಕಾ,

"ಕಾಗದಪತ್ರದ ಚಿಂತೆ ನನಗೆ ಬಿಡು" ಎಂಬ ಸಾಲನ್ನು ಮೂರು ಸಲ ಓದಿದೆ. ಬಿಟ್ಟಿದ್ದೇನೆ. ಇವರು ಸಂಜೆ ಬಂದವರೇ ಗರಾಜಿನಲ್ಲಿ, ವ್ಯಾನಿನೊಳಗೆ ಕುಳಿತು ನಿನ್ನೊಡನೆ ಮಾತಾಡುತ್ತಾರೆ. "ಅಮ್ಮಾ, ವೈ ಇಸ್ ಅಪ್ಪ ಇನ್ ದ ಗರಾಜ್?" ಎಂದು ಆದ್ಯಾ ಕೇಳಿದಳು. "ದೊಡ್ಡವ್ವನ ಕೂಡ ಮಾತಾಡಾಕತ್ತಾರ" ಅಂದೆ. "ಅಗೇನ್?" ಅಂದಳು. ಐದು ವರ್ಷದ ಕೂಸಿಗೂ ಅದು ಹೆಚ್ಚಾಯಿತು ಅನ್ನಿಸಿದೆ.

ನಿನ್ನ ಕಾಗದದಲ್ಲಿ ಶಶಿ, ಶಶಿ ಎಂದು ಸಾಲು ಸಾಲಿಗೂ ಇದೆ. ಎಷ್ಟು ಸಲೀಸಾಗಿ ಬರೆಯುತ್ತೀ. ಏಳು ವರ್ಷದ ಸಂಸಾರದಲ್ಲಿ ನಾನು ಆ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡಿಲ್ಲ.

ಹೇಗೂ ಬರೆಯಲು ಕುಳಿತಿದ್ದೇನೆ, ಇದನ್ನೂ ಬರೆಯುತ್ತೇನೆ. ಅವ್ವ ಸತ್ತಾಗ ನೀನು ಎರಡನೇ ಪಿಯುಸಿ, ನಾನು ಏಳನೇ ಇಯತ್ತೆ. ಒಬ್ಬರು ಮನೆಯಲ್ಲಿ ಇರಬೇಕು ಎಂದು ಅಪ್ಪ ಅಂದ. ನೀನು ಪುಸ್ತಕದಿಂದ ತಲೆ ಎತ್ತಲಿಲ್ಲ. ನಾನು ಎದ್ದು ಒಲೆಯ ಮುಂದೆ ಹೋದೆ. ಆಮೇಲೆ ನಮ್ಮ ಸೋದರತ್ತೆಯ ಸರದಿ. ನೀನು ತೊಟ್ಟಿಲಲ್ಲಿ ಇದ್ದಾಗಿನಿಂದ "ಮಹಾಶ್ವೇತಾ ನಮ್ಮ ಶಶಿಧರಗ" ಎಂದು ಹೇಳಿಟ್ಟವಳು. ನೀನು ಒಲ್ಲೆ ಅಂದೆ. ನಿನಗೆಂದು ತಂದ ಸೀರೆಯನ್ನೇ ನನಗೆ ಉಡಿಸಿದರು. ರವಿಕೆ ನಿನ್ನ ಅಳತೆಯದು, ಭುಜದಲ್ಲಿ ಜಾರುತ್ತಿತ್ತು. ತಾಳಿ ಕಟ್ಟುವಾಗಲೂ ನಾನು ರವಿಕೆಯನ್ನು ಮೇಲೆ ಎಳೆದುಕೊಳ್ಳುತ್ತಿದ್ದೆ. ನೀನು ಓದಿದ್ದು ನಾನು ಬಿಟ್ಟ ಶಾಲೆ, ನಾನು ಬಾಳುತ್ತಿರುವುದು ನೀನು ಬಿಟ್ಟ ಗಂಡನ ಕೂಡ. ಅವರು ಕಷ್ಟ ಬಂದಾಗ ಮೊದಲು ನಿನಗೇ ಫೋನ್ ಮಾಡಿದರೆ ನನಗೆ ಏನನ್ನಿಸಬೇಕು ಹೇಳು.

ಈಗ ನಿನ್ನ ವಕೀಲರ ವಿಷಯ. ದಿ ಪಾಂಡ್ಸ್‌ನಲ್ಲಿ ಹೇಮಲತಾ ಎಂಬವರ ಮನೆಗೆ ನಾನು ಹದಿನೈದು ದಿನಕ್ಕೊಮ್ಮೆ ನಲವತ್ತು ಜೋಳದ ರೊಟ್ಟಿ ಕೊಡುತ್ತೇನೆ. ಬೆಳಗಾವಿಯವರು. ಈ ಸಲ ಹೋದಾಗ ಟೇಬಲ್ಲಿನ ತುಂಬ ಫೈಲುಗಳಿದ್ದವು. ರೊಟ್ಟಿ ಇಡಲು ಜಾಗವಿರಲಿಲ್ಲ. ಏನು ಇವೆಲ್ಲ ಎಂದರೆ, "ನಂದು ವಕೀಲಿ ಅಲ್ಲೇನ್ರಿ, ಕೋರ್ಟಿಂದ ಮನೀಗೆ, ಮನಿಯಿಂದ ಕೋರ್ಟಿಗೆ ಇವನ್ನ ಹೊತ್ತು ಹೊತ್ತು ಕತ್ತೆ ಆಗೇನಿ" ಅಂದರು. ನೀನು ಬೇಡ ಅಂದದ್ದು ನೆನಪಿತ್ತು. ಅದಕ್ಕೇ ಕೇಳಬೇಕೆನ್ನಿಸಿತು. ಪರಿಚಯದವರ ಕತೆ ಎಂದು ಹೇಳಿ ಎಲ್ಲ ಕೇಳಿದೆ.

"ಚೀಟಿ ತೋರ್ಸಿದ್ರ ಬಿಡ್ತಾರ ಅಂತ ಯಾರ್ ಹೇಳಿದ್ರು ಅವರಿಗೆ? ಅದು ಮೆಲ್ಬರ್ನ್ ಮಾತು. ಸಿಡ್ನಿ ಕಾಯ್ದೆ ಬ್ಯಾರೆ. ಇಲ್ಲೆ ಚೀಟಿ ಇದ್ರೂ ತಪ್ಪು ತಪ್ಪಽ."

"ಈಗ ಕೋರ್ಟಿಗೆ ಹೋಗ್ತೀವಿ ಅಂತ ಬರದು ಕಳಿಸ್ಯಾರ್ರಿ."

"ಬರೇ ಚೀಟಿ ಹಿಡ್ಕೊಂಡು ಹೋದ್ರ ಮೂರು ತಿಂಗಳಿಂದು ಆರು ತಿಂಗಳಾದೀತು." ರೊಟ್ಟಿಯ ಡಬ್ಬಿ ಕೆಳಗಿಟ್ಟು ನನ್ನ ಮುಖ ನೋಡಿದರು. "ನಿಮ್ಮ ಪರಿಚಯದವರು ದಿನಾ ನಿಮ್ಮ ಮನ್ಯಾಗ ಉಣ್ತಾರೇನವ್ವಾ?"

ನಾನು ಅತ್ತುಬಿಟ್ಟೆ.

ಲೈಸೆನ್ಸ್ ಆರು ತಿಂಗಳು ಹೋಗಬಹುದು ಎಂದು ಕೇಳಿ ನನಗೆ ಹೆದರಿಕೆಯಾಯಿತು. ಸುಳ್ಳು ಹೇಳುವುದಿಲ್ಲ, ಹೆದರಿಕೆಗಿಂತ ಮೊದಲು ಸಂತೋಷವಾಯಿತು. ನೀನು ಹೇಳಿದ್ದು ತಪ್ಪಾಗಿತ್ತು. ಇವರಿಗೆ ನಾನು ಹೇಳಿಲ್ಲ. ಹೇಳಿದರೆ "ತಡಿ, ಮಹಾಶ್ವೇತಾನ್ನ ಕೇಳ್ತೀನಿ" ಅನ್ನುತ್ತಾರೆ. ಆ ಮಾತು ಕೇಳಲಾರೆ. ತಪ್ಪಾಯಿತು ಎಂದು ನೀನೇ ಹೇಳು.

ಮಲ್ಲವ್ವ


ಡಾಕ್‌ಲ್ಯಾಂಡ್ಸ್
೧೧ ಜೂನ್ ೨೦೨೫

ಮಲ್ಲಿ,

ರೊಟ್ಟಿ ತೆಗೆದುಕೊಳ್ಳುವವರ ಮಾತು ಕಟ್ಟಿಕೊಂಡು ಕುಣಿಯಬೇಡ ಎಂದು ಮೊದಲು ಬರೆದೆ. ಆ ಹಾಳೆ ಹರಿದೆ. ಇಲ್ಲಿನ ವಕೀಲರಿಗೆ ಮತ್ತೆ ಫೋನ್ ಮಾಡಿದೆ. "ಕೇಸು ಸಿಡ್ನಿಯದು ಎಂದು ನೀವು ಹೇಳಲೇ ಇಲ್ಲವಲ್ಲ" ಅಂದರು. ಹೌದು, ಹೇಳಿರಲಿಲ್ಲ. ಒಂದು ದೇಶ ಅಂದರೆ ಒಂದು ಕಾಯ್ದೆ ಎಂದುಕೊಂಡಿದ್ದೆ. ಹೇಮಲತಾ ಹೇಳಿದ್ದು ಸರಿ.

ಶಶಿಗೆ ಹೇಳಿದೆ. ಬೈಯುತ್ತಾನೆ ಎಂದು ಕಾದೆ. "ಮಲ್ಲವ್ವಗ ಇದೆಲ್ಲಾ ಹೆಂಗ ಗೊತ್ತಾತು?" ಎಂದು ಕೇಳಿದ. ಆ ದನಿ ನೀನು ಕೇಳಬೇಕಿತ್ತು. ತನ್ನ ಮಗಳು ಓಟದಲ್ಲಿ ಮೊದಲು ಬಂದಳು ಎಂದು ಯಾರೋ ಹೇಳಿದ ಹಾಗಿತ್ತು. ಒಂದು ತಿಂಗಳು ದಿನವೂ ಆಫೀಸು ಮುಗಿಸಿ ಅವನ ಕಾಗದ ಓದಿದವಳು ನಾನು. ನನಗೆ ಆ ದನಿ ಸಿಗಲಿಲ್ಲ.

ನೀನು ಶಾಲೆಯ ಮಾತು ತೆಗೆದೆ. ನಾನು ಪುಸ್ತಕದಿಂದ ತಲೆ ಎತ್ತಲಿಲ್ಲ ನಿಜ. ಎತ್ತಿದ್ದರೆ ನಾನು ಎದ್ದು ಹೋಗಬೇಕಾಗುತ್ತಿತ್ತು. ಅದಕ್ಕೇ ಎತ್ತಲಿಲ್ಲ. ಅದರಿಂದ ನನಗೆ ಸಿಕ್ಕಿದ್ದು ಏನು ಎಂದು ನೀನೂ ನೋಡು. ನಿನ್ನ ಕಾಗದದಲ್ಲಿ ಗರಾಜಿದೆ, ಮಗಳಿದ್ದಾಳೆ, ನಲವತ್ತು ರೊಟ್ಟಿ ಇದೆ. ನಾನು ಇಪ್ಪತ್ತಮೂರನೇ ಮಹಡಿಯಲ್ಲಿದ್ದೇನೆ. ಭಾನುವಾರ ನಿನಗೆ ಫೋನ್ ಮಾಡಿದಾಗ ಹಿಂದಿನಿಂದ ಆದ್ಯಾ ಚೀರುವುದು, ಶಶಿ ಚಾ ಕೇಳುವುದು ಕೇಳಿಸುತ್ತದೆ. ಫೋನ್ ಇಟ್ಟು ಫ್ರಿಜ್ ತೆಗೆದು ನೋಡುತ್ತೇನೆ, ಮುಚ್ಚುತ್ತೇನೆ. ಕೆಳಗೆ ಟ್ರ್ಯಾಮಿನ ಗಂಟೆ ಹೊಡೆಯುತ್ತದೆ. ಅದನ್ನು ಕೇಳಿ ಹೊಟ್ಟೆಕಿಚ್ಚು ಪಡುವವರು ಯಾರಿದ್ದಾರೆ?

ಹೇಮಲತಾರನ್ನೇ ಗೊತ್ತು ಮಾಡಿ. ನಾನು ಒಂದು ಕೆಲಸವನ್ನಾದರೂ ಸರಿಯಾಗಿ ಮಾಡಿದ್ದೇನೆ. ಒಳ್ಳೆಯ ನಡತೆಯವನು ಎಂದು ದೊಡ್ಡವರು ಬರೆದುಕೊಟ್ಟರೆ ಕೋರ್ಟಿನಲ್ಲಿ ಅನುಕೂಲವಂತೆ. ನಿಮ್ಮ ಕನ್ನಡ ಸಂಘದ ಸತ್ಯನಾರಾಯಣ ಅಂಕಲ್‌ಗೆ ಫೋನ್ ಮಾಡಿ, ಇಲ್ಲೇ ಕಾಯಂ ನೆಲೆಸುವ ಪಿಆರ್ ಅರ್ಜಿಗೆ ಬೇಕು ಎಂದು ಹೇಳಿ, ಒಂದು ಪತ್ರ ಬರೆಸಿದ್ದೇನೆ. ಕೇಸಿನ ವಿಷಯ ಬಾಯಿ ಬಿಟ್ಟಿಲ್ಲ.

ಮಹಾಶ್ವೇತಾ


ಗಿರಾವೀನ್
೨೫ ಜೂನ್ ೨೦೨೫

ಅಕ್ಕಾ,

ಹೇಮಲತಾ ಅವರ ಆಫೀಸಿಗೆ ಇಬ್ಬರೂ ಹೋಗಿದ್ದೆವು. ನೀನು ಬರೆಸಿದ ಪತ್ರವನ್ನು ಅವರು ಗಟ್ಟಿಯಾಗಿ ಓದಿದರು. ಇವರು ಬಸವ ಜಯಂತಿಯಲ್ಲಿ ವಚನ ಹಾಡುತ್ತಾರೆ, ಕುರ್ಚಿ ಜೋಡಿಸುತ್ತಾರೆ, ಹಿರಿಯರಿಗೆ ಬಾಗುತ್ತಾರೆ ಎಂದೆಲ್ಲ ಇತ್ತು.

"ಚೊಲೋ ಬರದಾರ. ಮ್ಯಾಜಿಸ್ಟ್ರೇಟ್ ಮುಂದ ಒಂದು ವಚನ ಹಾಡೋರೇನು?" ಎಂದು ಇವರನ್ನು ಕೇಳಿದರು. ಆಮೇಲೆ ಪತ್ರವನ್ನು ಮಡಚಿ ವಾಪಸ್ ಕೊಟ್ಟರು. "ಇದು ಕೆಲಸಕ್ಕ ಬರಂಗಿಲ್ಲ. ಬರದವರಿಗೆ ಕೇಸು ಏನಂತ ಗೊತ್ತಿರಬೇಕು, ಗೊತ್ತೈತಿ ಅಂತ ಪತ್ರದಾಗ ಇರಬೇಕು. ಗೊತ್ತಿದ್ದೂ ಒಳ್ಳೆಯವ ಅಂದ್ರ ಅದಕ್ಕ ತೂಕ. ನಮ್ಮ ಮಂದಿ ಎಲ್ಲಾರೂ ಇದನ್ನ ಮಾಡ್ತಾರ. ಮಾನ ಉಳಿಸಾಕ ಹೋಗಿ ಕೇಸು ಕಳ್ಕೋತಾರ."

"ಸಂಘದಾಗ ಗೊತ್ತಾದ್ರ ಮುಖಾ ಎಲ್ಲೆ ಇಡಬೇಕ್ರಿ?" ಅಂದರು ಇವರು.

"ಲೈಸೆನ್ಸ್ ಮ್ಯಾಲ ಒಂದು ಮುಖಾ ಐತೆಲ್ಲ, ಮೊದಲ ಅದನ್ನ ಉಳಿಸೋಣು."

ನನ್ನ ಕಡೆ ತಿರುಗಿ, ನೀವೂ ಒಂದು ಪತ್ರ ಬರೀರಿ ಅಂದರು. ನಾನು ಏಳನೇ ಇಯತ್ತೆ ಎಂದೆ. ಕನ್ನಡದಲ್ಲೇ ಬರೀರಿ, ಇಂಗ್ಲಿಷ್ ಮಾಡಿ ಠಸ್ಸೆ ಹೊಡೆದು ಕೊಡುವವರು ಇದ್ದಾರೆ ಅಂದರು. ಮನೆಗೆ ಬಂದು ಕುಳಿತೆ. ಮೊದಲ ಸಾಲಿನಲ್ಲೇ ಗಂಡನ ಹೆಸರು ಬರೆಯಬೇಕಿತ್ತು. ಇವರು, ಅವರು ಎಂದರೆ ಕೋರ್ಟಿಗೆ ಯಾರೆಂದು ಗೊತ್ತಾಗುವುದಿಲ್ಲವಂತೆ. ಹಿಟ್ಟು ನಾದಿಟ್ಟು ಬಂದೆ, ಬಟ್ಟೆ ಒಣಗಿಸಿ ಬಂದೆ, ಆದ್ಯಾಳನ್ನು ಶಾಲೆಯಿಂದ ಕರೆತಂದೆ. ಆಮೇಲೆ ಬರೆದೆ, ಶಶಿಧರ ಎಂದು. ನೋಡಲು ಬೇರೆ ಯಾರದೋ ಹೆಸರಿನಂತಿತ್ತು. ನಿನ್ನ ಕಾಗದದಲ್ಲಿ ನೋಡಿ ನೋಡಿ ಇರಬೇಕು.

ಇದನ್ನು ನಗುತ್ತಾ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ಅದೇ ಆಫೀಸಿನಲ್ಲಿ ಹೇಮಲತಾ ಇವರನ್ನು ಕೇಳಿದರು, ಈ ಎಣ್ಣೆ ಕೊಡುವ ಕ್ಲಿನಿಕ್ಕು ನಿಮಗೆ ಹೇಗೆ ಸಿಕ್ಕಿತು, ಬೆಳಿಗ್ಗೆ ಗಾಡಿ ಓಡಿಸಬಹುದು ಎಂದು ಯಾರು ಹೇಳಿದರು? ಇವರು ನನ್ನನ್ನು ನೋಡಿದರು. ನೆಲ ನೋಡಿದರು. "ಇವರಕ್ಕ. ಮಹಾಶ್ವೇತಾ. ಆಕೀನ ಕ್ಲಿನಿಕ್ ಲಿಂಕ್ ಕಳಿಸಿದ್ಲು. ಚೀಟಿ ಇದ್ರ ಏನೂ ಆಗಂಗಿಲ್ಲ ಅಂದಿದ್ಲು."

ಹೀಗೋ. ನಾನು ಹನಿ ಎಣಿಸುತ್ತಿದ್ದಾಗ ಎಣಿಸಿದ್ದು ನಿನ್ನ ಔಷಧವನ್ನು. ನೋವು ಇಳಿಸಿದವಳೂ ನೀನೇ, ಪೊಲೀಸರ ಕೈಗೆ ಕೊಟ್ಟವಳೂ ನೀನೇ, ಬಿಡಿಸಲು ಓಡಾಡಿದವಳೂ ನೀನೇ. ನಾನು ಯಾವುದರಲ್ಲಿ ಇದ್ದೆ?

ಇನ್ನೂ ಏನೇನು ಬಚ್ಚಿಟ್ಟಿದ್ದೀ, ಒಂದೇ ಸಲ ಬರೆ. ಕಂತಿನಲ್ಲಿ ಬೇಡ.

ಮಲ್ಲವ್ವ


ಡಾಕ್‌ಲ್ಯಾಂಡ್ಸ್
೩ ಜುಲೈ ೨೦೨೫

ಮಲ್ಲಿ,

ನನಗೆ ಎರಡು ವರ್ಷದಿಂದ ನಿದ್ದೆ ಸರಿ ಇಲ್ಲ. ನನ್ನ ಡಾಕ್ಟರು ಅದೇ ಎಣ್ಣೆ ಕೊಟ್ಟಿದ್ದಾರೆ. ಜನವರಿಯಲ್ಲಿ ಶಶಿ ಫೋನ್ ಮಾಡಿ, ಬೆನ್ನು ಬಗ್ಗಿಸಲು ಆಗುತ್ತಿಲ್ಲ, ಆದ್ಯಾಳನ್ನು ಎತ್ತಿಕೊಳ್ಳಲು ಆಗುತ್ತಿಲ್ಲ ಎಂದು ಅತ್ತ. ಕ್ಲಿನಿಕ್ಕಿನ ಲಿಂಕ್ ಕಳಿಸಿದೆ. ಡ್ರೈವಿಂಗ್ ಕೇಳಿದಾಗ, ಡಾಕ್ಟರೇ ಕೊಟ್ಟದ್ದಲ್ಲವೇ, ಏನಾಗುತ್ತದೆ ಅಂದೆ. ನಾನು ಟ್ರ್ಯಾಮಿನಲ್ಲಿ ಓಡಾಡುವವಳು, ನನ್ನ ಬಳಿ ಕಾರೇ ಇಲ್ಲ. ಗೊತ್ತಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಯಾರೂ ನನ್ನ ಬಾಯಿಂದ ಆ ಮಾತು ಕೇಳುವುದಿಲ್ಲ, ಎಲ್ಲರೂ ಉತ್ತರ ಕೇಳುತ್ತಾರೆ.

ರೋಡಿನ ಬದಿಯಿಂದ ಅವನು ಫೋನ್ ಮಾಡಿದ್ದು ಪ್ರೀತಿಗಲ್ಲ, ಮಲ್ಲಿ. "ನೀ ಏನೂ ಆಗಂಗಿಲ್ಲ ಅಂದಿದ್ದೆಲ್ಲ" ಎಂದು ಕೇಳಲು.

ನಾನು ಕೋರ್ಟಿಗೆ ಬರುತ್ತೇನೆ. ನನ್ನ ಮಾತು ಕೇಳಿ ಹೀಗಾಯಿತು ಎಂದು ನಿಂತು ಹೇಳುತ್ತೇನೆ. ತಾರೀಖು ಬರೆ, ಟಿಕೆಟ್ ಬುಕ್ ಮಾಡುತ್ತೇನೆ. ಇನ್ನು ಮೇಲೆ ಶಶಿಗೆ ಫೋನ್ ಮಾಡುವುದಿಲ್ಲ, ಅವನು ಮಾಡಿದರೂ ಎತ್ತುವುದಿಲ್ಲ. ಏನಿದ್ದರೂ ನಿನಗೆ ಬರೆಯುತ್ತೇನೆ.

ಇದಕ್ಕಿಂತ ಬೇರೆ ಏನನ್ನೂ ನಾನು ಬಚ್ಚಿಟ್ಟಿಲ್ಲ.

ಮಹಾಶ್ವೇತಾ


ಗಿರಾವೀನ್
೧೦ ಜುಲೈ ೨೦೨೫

ಅಕ್ಕಾ,

ಕಾಗದ ಮುಟ್ಟಿತು. ಇವರೂ ಗರಾಜಿನಲ್ಲಿ ಕೂರುವುದನ್ನು ಬಿಟ್ಟಿದ್ದಾರೆ.

ಸತ್ಯನಾರಾಯಣ ಅಂಕಲ್ ಮನೆಗೆ ನಾನೇ ಹೋದೆ. ಇವರು ಸತ್ತರೂ ಹೋಗಲಾರೆ ಎಂದರು. ಭಾಗೀರಥಿ ಆಂಟಿ ಅಂಗಡಿಗೆ ಹೋಗಿದ್ದ ಸಮಯ. ರೊಟ್ಟಿ ಕೊಟ್ಟು, ನಿಂತುಕೊಂಡೇ, ಚಪ್ಪಲಿ ನೋಡುತ್ತ, ಎಲ್ಲ ಹೇಳಿಬಿಟ್ಟೆ. ಅಂಕಲ್ ಕನ್ನಡಕ ತೆಗೆದರು. ಬೈಯುತ್ತಾರೆ ಎಂದುಕೊಂಡೆ.

"ಯಾವ ಎಣ್ಣೆಮ್ಮ? ಸಣ್ಣ ಬಾಟ್ಲಿ, ಡ್ರಾಪರ್ ಇರುತ್ತಲ್ಲ, ಅದಾ?"

ಹೌದು ಎಂದೆ.

ಎದ್ದು ಹೋಗಿ ಪುಸ್ತಕದ ಕಪಾಟಿನ ಹಿಂದಿನಿಂದ ಅದೇ ಥರದ ಬಾಟಲಿ ತಂದರು. "ನನಗೂ ಮಂಡಿಗೆ ಇದನ್ನೇ ಕೊಟ್ಟಿದಾರೆ. ಎಂಟು ತಿಂಗಳಾಯ್ತು. ಭಾಗೀರಥಿ ಕಿವಿಗೆ ಬಿದ್ರೆ ನನ್ನನ್ನೇ ಆಚೆ ಹಾಕ್ತಾಳೆ. ನೀನು ಹೇಳ್ಬೇಡಮ್ಮ, ನಾನೂ ಹೇಳಲ್ಲ." ಅಲ್ಲೇ ಕುಳಿತು ಹೊಸ ಪತ್ರ ಬರೆದುಕೊಟ್ಟರು. ಕೇಸು ಏನೆಂದು ನನಗೆ ಗೊತ್ತು ಎಂದು ಮೊದಲ ಸಾಲು. ಕೋರ್ಟಿಗೂ ಬರುತ್ತಾರಂತೆ.

ಹೇಮಲತಾಗೆ ನಿನ್ನ ವಿಷಯ ಹೇಳಿದ್ದೇನೆ. ನೀನು ಬಂದು ಹೇಳಿದರೆ ಒಳ್ಳೆಯದು ಎಂದಿದ್ದಾರೆ.

ಕೇಸು ಬ್ಲ್ಯಾಕ್‌ಟೌನ್ ಕೋರ್ಟಿನಲ್ಲಿ, ೧೯ ಆಗಸ್ಟ್, ಮಂಗಳವಾರ. ಆ ದಿನಕ್ಕೆ ಬಾ.

ಮಲ್ಲವ್ವ


ಗಿರಾವೀನ್
೨೪ ಜುಲೈ ೨೦೨೫

ಅಕ್ಕಾ,

ಕೋರ್ಟು ಮೊನ್ನೆ ಮಂಗಳವಾರ ಮುಗಿಯಿತು. ೧೯ ಆಗಸ್ಟ್ ಎಂದು ನಾನು ಬೇಕೆಂದೇ ತಪ್ಪು ಬರೆದಿದ್ದೆ.

ಲೈಸೆನ್ಸ್ ಉಳಿಯಿತು. ಅದನ್ನು ಮೊದಲು ಹೇಳಬೇಕಿತ್ತು.

ಮದುವೆಯ ಕೋಟು ಹಾಕಿಕೊಂಡು ಇವರು ಒಂಬತ್ತು ಗಂಟೆಯಿಂದ ನಿಂತೇ ಇದ್ದರು. ಬೆಂಚಿನ ಮೇಲೆ ಕುಳಿತರೆ ಬೆನ್ನು ಹಿಡಿಯುತ್ತದೆ. ಆ ಲಕೋಟೆ ಬಂದ ದಿನದಿಂದ ಎಣ್ಣೆ ಮುಟ್ಟಿಲ್ಲ. ಅಂಕಲ್ ಬ್ಯಾಂಕಿಗೆ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿ ಬಂದು ಹಿಂದೆ ಕುಳಿತಿದ್ದರು. ಮ್ಯಾಜಿಸ್ಟ್ರೇಟ್ ಹೆಂಗಸು, ನಮ್ಮ ಅವ್ವ ಇದ್ದಿದ್ದರೆ ಅಷ್ಟೇ ವಯಸ್ಸು. ಇವರು ತಪ್ಪು ಒಪ್ಪಿಕೊಂಡರು. ಹೇಮಲತಾ ಡಾಕ್ಟರ ಕಾಗದ, ಕಂಪನಿಯ ಕಾಗದ, ಅಂಕಲ್ ಪತ್ರ ಎಲ್ಲ ಕೊಟ್ಟರು. ಕೊನೆಗೆ ನನ್ನದು. ಮ್ಯಾಜಿಸ್ಟ್ರೇಟ್ ಅದನ್ನು ಓದುತ್ತ ಓದುತ್ತ ತಲೆ ಎತ್ತಿ ಏನೋ ಕೇಳಿದರು. "ಎದ್ದು ನಿಂದ್ರವ್ವಾ. ಹನಿ ಹಾಕಿದಾಕಿ ನೀವೇನಂತ ಕೇಳಾಕತ್ತಾರ" ಎಂದು ಹೇಮಲತಾ ಪಿಸುಗುಟ್ಟಿದರು. ನಾನು ಎದ್ದು ಇಂಗ್ಲಿಷಿನಲ್ಲಿ ಯೆಸ್ ಅಂದೆ. ಕೋರ್ಟಿನಲ್ಲಿ ನಾನು ಆಡಿದ್ದು ಅದೊಂದೇ ಮಾತು. ಇವರು ಹಿಂದೆ ತಿರುಗಿ ನನ್ನನ್ನು ನೋಡಿದರು.

ಔಷಧವಾದರೂ ರಸ್ತೆಯ ಕಾಯ್ದೆ ಎಲ್ಲರಿಗೂ ಒಂದೇ, ಆ ಎಣ್ಣೆ ಬೇಕೆಂದರೆ ಗಾಡಿ ಬಿಡು, ಗಾಡಿ ಬೇಕೆಂದರೆ ಎಣ್ಣೆ ಬಿಡು ಎಂದರಂತೆ. ಒಂದು ವರ್ಷ ಯಾವ ತಪ್ಪೂ ಮಾಡದೆ ಇರಬೇಕು. ಶಿಕ್ಷೆ ದಾಖಲಾಗುವುದಿಲ್ಲ.

ಈಗ ನನ್ನದು. ನೀನು ಬಂದು ಹೇಳಿದರೆ ಕೇಸಿಗೆ ಬಲ ಬರುತ್ತದೆ ಎಂದು ಹೇಮಲತಾ ಎರಡು ಸಲ ಅಂದರು. ಅಕ್ಕನಿಗೆ ರಜೆ ಸಿಗಲಿಲ್ಲ ಎಂದು ನಾನು ಎರಡು ಸಲವೂ ಸುಳ್ಳು ಹೇಳಿದೆ. ಇವರಿಗೂ ಅದನ್ನೇ ಹೇಳಿದೆ. ನೀನು ಬಂದಿದ್ದರೆ ಎರಡು ನಿಮಿಷದಲ್ಲಿ ಇಂಗ್ಲಿಷಿನಲ್ಲಿ ಎಲ್ಲ ಹೇಳಿ ಮುಗಿಸುತ್ತಿದ್ದೆ. ಇವರು ತಿರುಗಿ ನಿನ್ನನ್ನು ನೋಡುತ್ತಿದ್ದರು. ಒಂದು ಸಲ, ಒಂದೇ ಸಲ, ಅವರು ತಿರುಗಿದಾಗ ಅಲ್ಲಿ ನಾನಿರಬೇಕು ಎಂದು ಆಸೆಯಾಯಿತು. ಅದಕ್ಕೆ ಅವರ ಲೈಸೆನ್ಸನ್ನೇ ಪಣಕ್ಕೆ ಇಟ್ಟೆ. ಹೋಗಿದ್ದರೆ ನನ್ನ ಕೈಯಿಂದ ಹೋಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಬೈದು ಬರೆ.

ಮಲ್ಲವ್ವ


ಡಾಕ್‌ಲ್ಯಾಂಡ್ಸ್
೩೦ ಜುಲೈ ೨೦೨೫

ಮಲ್ಲಿ,

ಲೈಸೆನ್ಸ್ ಉಳಿಯಿತು ಎಂಬ ಸಾಲನ್ನು ಅಡುಗೆಮನೆಯಲ್ಲಿ ನಿಂತು ಎರಡು ಸಲ ಗಟ್ಟಿಯಾಗಿ ಓದಿದೆ. ಮೂರು ತಿಂಗಳಿಂದ ಆ ತಪ್ಪು ನನ್ನ ತಲೆಯ ಮೇಲಿತ್ತು. ಆಮೇಲೆ ಉಳಿದದ್ದು ಓದಿ ಸಿಟ್ಟು ಬಂತು. ನಿನ್ನನ್ನು ಬೈಯಲೆಂದೇ ಪೆನ್ನು ಹಿಡಿದೆ. ಬೈಯುವ ಮುಖ ನನಗಿಲ್ಲ.

ಬೇರೆ ಏನನ್ನೂ ಬಚ್ಚಿಟ್ಟಿಲ್ಲ ಎಂದು ಬರೆದಿದ್ದೆನಲ್ಲ, ಅದು ಸುಳ್ಳು.

ಅತ್ತೆ ಕೇಳಿದಾಗ ನಾನು ಒಲ್ಲೆ ಅಂದಿರಲಿಲ್ಲ. ಹೂಂ ಅಂದಿದ್ದೆ. ಆ ಸೀರೆಯನ್ನು ಅತ್ತೆಯ ಕೂಡ ಹುಬ್ಬಳ್ಳಿಗೆ ಹೋಗಿ ನಾನೇ ಆರಿಸಿದ್ದೆ. ಅದಾದ ಹತ್ತು ದಿನಕ್ಕೆ ಶಶಿ ಬೆಂಗಳೂರಿಗೆ ಬಂದ. ನನ್ನ ಪಿಜಿಯ ಎದುರಿಗೆ ಒಂದು ಬೇಕರಿ ಇತ್ತು. ಅಲ್ಲಿ ನಿಂತು ಚಹಾ ಕುಡಿಯುವಾಗ, "ಸಿಟ್ಟಾಗಬ್ಯಾಡ. ನನಗ ಮಲ್ಲವ್ವನ ಮ್ಯಾಲ ಮನಸೈತಿ. ಅವ್ವಗ ಹೇಳೂದಕ್ಕಿಂತ ಮೊದಲ ನಿನಗ ಹೇಳಬೇಕಂತ ಬಂದೆ" ಅಂದ. ನಾನು ಆ ರಾತ್ರಿಯ ಬಸ್ಸಿಗೇ ಊರಿಗೆ ಬಂದು, ಅವನು ಬಾಯಿ ಬಿಡುವುದರೊಳಗೆ ಅಪ್ಪನ ಮುಂದೆ ಒಲ್ಲೆ ಅಂದೆ. ಬೇಡ ಅಂದವಳು ಎನ್ನಿಸಿಕೊಳ್ಳಬಹುದಿತ್ತು, ಬೇಡವಾದವಳು ಎನ್ನಿಸಿಕೊಳ್ಳಲಾರದೆ ಹೋದೆ.

ನಾನು ಬಿಟ್ಟ ಗಂಡ ಎಂದು ನೀನು ನಂಬಿದ್ದೀ ಎಂದು ನನಗೆ ಮದುವೆಯ ದಿನವೇ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನಿನಗೆ ಗಂಡ ಸಿಕ್ಕಿದ್ದ, ಮನೆ ಸಿಕ್ಕಿತ್ತು, ಮಗಳು ಹುಟ್ಟಿದಳು. ನಿನ್ನಲ್ಲಿ ಆ ಒಂದು ಮುಳ್ಳಾದರೂ ಇರಲಿ ಅನ್ನಿಸಿತು. ಜೂನಿನ ನಿನ್ನ ಕಾಗದ ಓದಿದಾಗಲೂ, ನಿನಗೆ ಇನ್ನೂ ನೋವಿದೆ ಎಂದು ತಿಳಿದು ನನಗೆ ಒಂದಿಷ್ಟು ಸಮಾಧಾನವೇ ಆಯಿತು. ನೀನು ನನ್ನನ್ನು ಬೈದು ಬರೆ.

೧೯ನೇ ತಾರೀಖಿನ ಟಿಕೆಟ್ ಇನ್ನೂ ಇದೆ. ಬೇಡವೆಂದರೆ ರದ್ದು ಮಾಡುತ್ತೇನೆ.

ಮಹಾಶ್ವೇತಾ


ಗಿರಾವೀನ್
೬ ಆಗಸ್ಟ್ ೨೦೨೫

ಅಕ್ಕಾ,

ನಿನ್ನ ಕಾಗದವನ್ನು ಎರಡು ದಿನ ಹಿಟ್ಟಿನ ಡಬ್ಬಿಯಲ್ಲಿ ಇಟ್ಟಿದ್ದೆ. ನಿನ್ನೆ ಇವರು ಕೆಲಸದಿಂದ ಬಂದು, ಬಿಸಿನೀರಿನ ಚೀಲ ಬೆನ್ನಿಗೆ ಕೊಟ್ಟುಕೊಂಡು ನೆಲದ ಮೇಲೆ ಮಲಗಿದ್ದಾಗ ಕೇಳಿದೆ. "ಅಕ್ಕನ್ನ ನೀವಽ ಒಲ್ಲೆ ಅಂದಿದ್ರೇನು?"

"ಹೂಂ. ಯಾಕ, ನಿನಗ ಗೊತ್ತಿರಲಿಲ್ಲೇನು? ಅವ್ವ ಹೇಳಿರಬೇಕು ಅಂದ್ಕೊಂಡಿದ್ದೆ." ಕಣ್ಣು ಸಹ ತೆರೆಯಲಿಲ್ಲ. "ಮತ್ತ ನಾ ವಾರಕ್ಕೊಮ್ಮೆ ನಿಮ್ಮ ಮನೀಗೆ ಬಂದು ಚಾ ಕುಡದದ್ದು ನಿಮ್ಮಪ್ಪನ ಮುಖಾ ನೋಡಾಕೇನು?"

ನಾನು ಒಳಗೆ ಹೋದೆ. ತವೆಯ ಮೇಲಿದ್ದ ರೊಟ್ಟಿ ಸುಟ್ಟು ಕರಿಯಾಗಿತ್ತು. ಏಳು ವರ್ಷ, ಅಕ್ಕಾ. ಏಳು ವರ್ಷ ಇಲ್ಲದ ಮಾತಿಗೆ ಹೊಟ್ಟೆ ಉರಿಸಿಕೊಂಡೆ. ಈಗ ಗೊತ್ತಾದ ಮೇಲೂ ಅದು ಪೂರ್ತಿ ಹೋಗಿಲ್ಲ. ನಿನ್ನ ಅಕ್ಷರ ನೋಡಿದರೆ ಇನ್ನೂ ಏನೋ ಆಗುತ್ತದೆ. ರೂಢಿಯಾಗಿಬಿಟ್ಟಿದೆ, ನಿನಗೂ ಹಾಗೇ ಇರಬೇಕು.

೧೯ನೇ ತಾರೀಖು ಬಾ. ಇವರು ವ್ಯಾನ್ ತೆಗೆದುಕೊಂಡು ಕೆಲಸಕ್ಕೆ ಹೋಗಿರುತ್ತಾರೆ, ಆದ್ಯಾ ಶಾಲೆಗೆ. ಮನೆಯಲ್ಲಿ ನಾವಿಬ್ಬರೇ. ಮೊದಲ ದಿನ ನಾನು ನಿನ್ನ ಕೂಡ ಮಾತಾಡುವುದಿಲ್ಲ, ಈಗಲೇ ಹೇಳಿದ್ದೇನೆ. ಎರಡನೆಯ ದಿನದ್ದು ನೋಡೋಣ. ವಾಪಸ್ ಟಿಕೆಟ್ ಎರಡು ದಿನಕ್ಕೆ ಇದ್ದರೆ ನಾಲ್ಕು ದಿನಕ್ಕೆ ಬದಲಿಸು.

ಮಲ್ಲವ್ವ